ರೇಷ್ಮೆ ಗೂಡಿನಿಂದ ಗಾಯದ ಪಟ್ಟಿಯವರೆಗೆ: ದೇಹ ಒಪ್ಪುವ ವಸ್ತುಗಳ ಒಂದು ಪರಿಚಯ

ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ, ಮಡಕಶಿರ ಮಂಡಲಗಳ ಹಳ್ಳಿಗಳಿಗೆ ಹಿಪ್ಪುನೇರಳೆ ಸೊಪ್ಪು, ಚಂದ್ರಿಕೆ, ರೇಷ್ಮೆ ಗೂಡು ಹೊಸ ಮಾತುಗಳಲ್ಲ. 2022ರ ಏಪ್ರಿಲ್‌ವರೆಗೆ ಅನಂತಪುರ ಜಿಲ್ಲೆಯಲ್ಲಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಈ ಕನ್ನಡ ಗಡಿಭಾಗದಲ್ಲಿ ಬೆಳೆದ ಗೂಡು ಹಿಂದೂಪುರದ ಮಾರುಕಟ್ಟೆಗೋ ಕರ್ನಾಟಕದ ಮಾರುಕಟ್ಟೆಗಳಿಗೋ ಹೋಗುತ್ತದೆ. ಅಲ್ಲಿಂದ ಮುಂದೆ ಅದು ನೂಲಾಗಿ, ಸೀರೆಯಾಗಿ ಧರ್ಮಾವರದಂಥ ಊರುಗಳ ಮಗ್ಗದಿಂದ ಹೊರಬರುತ್ತದೆ. ರೇಷ್ಮೆಯ ದಾರಿ ಅಲ್ಲಿಗೇ ಮುಗಿಯಿತು ಎಂದು ಸಾಮಾನ್ಯವಾಗಿ ತಿಳಿಯಲಾಗುತ್ತದೆ.

ಆದರೆ ಇದೇ ಎಳೆಗೆ ಇನ್ನೊಂದು ದಾರಿಯೂ ಇದೆ. ಶಸ್ತ್ರಚಿಕಿತ್ಸೆಯ ಹೊಲಿಗೆ ದಾರವಾಗಿ ರೇಷ್ಮೆ ಬಹಳ ಹಿಂದಿನಿಂದಲೂ ಮನುಷ್ಯನ ದೇಹದೊಳಗೆ ಹೋಗುತ್ತಿದೆ. ಕಳೆದ ಕೆಲವು ದಶಕಗಳಿಂದ ವಿಜ್ಞಾನಿಗಳು ಗೂಡನ್ನು ಕರಗಿಸಿ ದ್ರವ ಮಾಡಿ, ಅದರಿಂದ ಗಾಯದ ಪಟ್ಟಿ, ಮೂಳೆ ತುಂಬುವ ಸ್ಪಂಜು, ತೆಳು ಹಾಳೆ, ಲೋಳೆ ಮುಂತಾದವನ್ನು ತಯಾರಿಸುತ್ತಿದ್ದಾರೆ. ಇವುಗಳಲ್ಲಿ ಯಾವುದು ರೋಗಿಗೆ ಈಗಾಗಲೇ ಸಿಗುತ್ತಿದೆ, ಯಾವುದು ಇನ್ನೂ ಪ್ರಯೋಗಾಲಯದಲ್ಲಿದೆ, ಗೂಡು ಬೆಳೆಯುವ ರೈತನಿಗೆ ಇದರಿಂದ ಏನು ಪ್ರಯೋಜನ ಎಂಬ ವಿವರ ಇಲ್ಲಿದೆ.

ಬಯೋಮೆಟೀರಿಯಲ್ ಎಂದರೇನು?

ಕಾಯಿಲೆ, ಅಪಘಾತ ಅಥವಾ ವಯಸ್ಸಿನಿಂದ ಕೆಟ್ಟುಹೋದ ದೇಹದ ಭಾಗವನ್ನು ಸರಿಪಡಿಸಲು, ಅಥವಾ ಅದರ ಜಾಗದಲ್ಲಿ ಕೆಲಸ ಮಾಡಲು ದೇಹದೊಳಗೆ ಇಡುವ ವಸ್ತುವನ್ನು ಬಯೋಮೆಟೀರಿಯಲ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಜೈವಿಕ ವಸ್ತು ಎಂದು ಕರೆಯುವುದುಂಟು. ಹೆಸರು ಹೊಸದಾಗಿ ಕೇಳಿಸಿದರೂ ವಸ್ತು ಹೊಸದಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡವರ ಕಣ್ಣಿನಲ್ಲಿರುವ ಲೆನ್ಸ್, ಕಾಲು ಮುರಿದವರ ಮೂಳೆಗೆ ಹಾಕಿದ ಪ್ಲೇಟು ಮತ್ತು ಸ್ಕ್ರೂ, ಹೃದಯದ ರಕ್ತನಾಳಕ್ಕೆ ಹಾಕುವ ಸ್ಟೆಂಟ್, ಬದಲಿ ಮಂಡಿಕೀಲು, ಕಟ್ಟಿಸಿಕೊಂಡ ಹಲ್ಲು ಎಲ್ಲವೂ ಇದೇ ಗುಂಪಿಗೆ ಸೇರುತ್ತವೆ. ಇವುಗಳಲ್ಲಿ ಒಂದಾದರೂ ಇರುವವರು ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ.

ಕಣ್ಣಿನ ಲೆನ್ಸಿನ ಕತೆ ಈ ವಿಷಯವನ್ನು ಚೆನ್ನಾಗಿ ತಿಳಿಸುತ್ತದೆ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ವಿಮಾನ ಚಾಲಕರ ಕಣ್ಣುಗಳಲ್ಲಿ ವಿಮಾನದ ಗಾಜಿನಂಥ ಅಕ್ರಿಲಿಕ್ ಹೊದಿಕೆಯ ಚೂರುಗಳು ಸಿಕ್ಕಿಕೊಂಡಿದ್ದವು. ಆ ಚೂರುಗಳಿಂದ ಕಣ್ಣು ಕೆರಳದೆ ಇರುವುದನ್ನು ಇಂಗ್ಲೆಂಡಿನ ನೇತ್ರ ವೈದ್ಯ ಹೆರಾಲ್ಡ್ ರಿಡ್ಲಿ ಗಮನಿಸಿದರು. ಅದೇ ಬಗೆಯ ಪ್ಲಾಸ್ಟಿಕ್ಕಿನಿಂದ ಲೆನ್ಸ್ ಮಾಡಿಸಿ 1949ರ ನವೆಂಬರ್ 29ರಂದು ಲಂಡನ್ನಿನಲ್ಲಿ ರೋಗಿಯೊಬ್ಬರ ಕಣ್ಣಿಗೆ ಅಳವಡಿಸಿದರು. ಭಾರತದಲ್ಲಿ 1992ರಲ್ಲಿ ಮಧುರೆಯ ಅರೋಲ್ಯಾಬ್ ಇಂಥ ಲೆನ್ಸ್‌ಗಳನ್ನು ಕಡಿಮೆ ಬೆಲೆಗೆ ತಯಾರಿಸಲು ಆರಂಭಿಸಿದ ನಂತರ ಬಡವರಿಗೂ ಲೆನ್ಸ್ ಕೈಗೆಟುಕುವಂತಾಯಿತು.

ದೇಹದೊಳಗೆ ಇಡುವ ವಸ್ತುಗಳನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು.

1. ಲೋಹಗಳು: ಸ್ಟೀಲ್, ಟೈಟಾನಿಯಂ, ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹ. ಭಾರ ಹೊರುವ ಮೂಳೆ ಮತ್ತು ಕೀಲುಗಳಿಗೆ ಬಳಕೆ. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂಬುದನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಕಂಡುಕೊಂಡು, 1965ರಲ್ಲಿ ಮೊದಲ ಬಾರಿಗೆ ರೋಗಿಯ ದವಡೆಗೆ ಅಳವಡಿಸಿದರು.

2. ಪಿಂಗಾಣಿ ಜಾತಿಯ ವಸ್ತುಗಳು: ಮೂಳೆಯಲ್ಲಿರುವ ಖನಿಜವನ್ನೇ ಹೋಲುವ ಹೈಡ್ರಾಕ್ಸಿಅಪಟೈಟ್ ಮತ್ತು ವಿಶೇಷ ಗಾಜುಗಳು. ಮೂಳೆಯ ಹಳ್ಳ ತುಂಬಲು ಬಳಕೆ.

3. ಪ್ಲಾಸ್ಟಿಕ್ ಜಾತಿಯ ಪಾಲಿಮರ್‌ಗಳು: ಕಣ್ಣಿನ ಲೆನ್ಸ್, ಕೃತಕ ರಕ್ತನಾಳ, ಕರಗುವ ಹೊಲಿಗೆ ದಾರ.

4. ಪ್ರಕೃತಿಯಿಂದ ಬಂದವು: ಪ್ರಾಣಿಗಳ ಚರ್ಮ ಮತ್ತು ಸ್ನಾಯುರಜ್ಜುವಿನಿಂದ ತೆಗೆದ ಕೊಲಾಜನ್, ಸೀಗಡಿ ಚಿಪ್ಪಿನಿಂದ ಬರುವ ಕೈಟೊಸಾನ್, ಮತ್ತು ರೇಷ್ಮೆ.

ಯಾವುದೇ ವಸ್ತುವಾದರೂ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ದೇಹ ಅದನ್ನು ಸಹಿಸುತ್ತದೆಯೇ? ಬೇಕಾದಷ್ಟು ಬಲ ಇದೆಯೇ? ಎಷ್ಟು ಕಾಲ ಒಳಗಿರುತ್ತದೆ, ಕರಗಿದರೆ ಆ ಕರಗಿದ ಭಾಗ ಏನಾಗುತ್ತದೆ? ರೇಷ್ಮೆಯ ವಿಶೇಷ ಇರುವುದು ಈ ಮೂರನೆಯ ಪ್ರಶ್ನೆಯಲ್ಲಿ. ಅದು ಪ್ರೋಟೀನ್ ಆದ್ದರಿಂದ ದೇಹದ ಕಿಣ್ವಗಳು ಅದನ್ನು ನಿಧಾನವಾಗಿ ಒಡೆದು ಅಮೈನೋ ಆಮ್ಲಗಳನ್ನಾಗಿ ಮಾಡುತ್ತವೆ. ತಯಾರಿಸುವ ವಿಧಾನ ಬದಲಿಸಿದರೆ ಕರಗುವ ಕಾಲವನ್ನೂ ಬದಲಿಸಬಹುದು.

ಎಳೆಯೊಳಗೆ ಏನಿದೆ?

ಹಣ್ಣಾದ ಹುಳು ಚಂದ್ರಿಕೆಯ ಮೇಲೆ ಎರಡು ಮೂರು ದಿನ ನಿಲ್ಲದೆ ಗೂಡು ಕಟ್ಟುತ್ತದೆ. ಒಂದು ಒಳ್ಳೆಯ ದ್ವಿತಳಿ ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಉದ್ದದ ಒಂದೇ ಎಳೆ ಇರುತ್ತದೆ. ಬರಿಗಣ್ಣಿಗೆ ಒಂದಾಗಿ ಕಾಣುವ ಈ ಎಳೆಯಲ್ಲಿ ವಾಸ್ತವವಾಗಿ ಎರಡು ತೆಳು ಎಳೆಗಳಿದ್ದು, ಅವುಗಳ ಸುತ್ತ ಅಂಟು ಮೆತ್ತಿಕೊಂಡಿರುತ್ತದೆ. ಒಳಗಿನ ಎಳೆಯ ಪ್ರೋಟೀನಿಗೆ ಫೈಬ್ರೋಯಿನ್ ಎಂದೂ ಹೊರಗಿನ ಅಂಟಿಗೆ ಸೆರಿಸಿನ್ ಎಂದೂ ಹೆಸರು. ಎಳೆಯ ತೂಕದಲ್ಲಿ ಶೇ. 70ರಿಂದ 80ರಷ್ಟು ಫೈಬ್ರೋಯಿನ್, ಉಳಿದದ್ದರಲ್ಲಿ ಹೆಚ್ಚಿನ ಪಾಲು ಸೆರಿಸಿನ್.

ಫೈಬ್ರೋಯಿನ್ನಿನಲ್ಲಿ ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಮೂರು ಚಿಕ್ಕ ಅಮೈನೋ ಆಮ್ಲಗಳೇ ಹೆಚ್ಚು. ಅವು ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ಬರುವುದರಿಂದ ಪ್ರೋಟೀನಿನ ಸರಗಳು ಇಸ್ತ್ರಿ ಮಾಡಿ ಮಡಿಸಿಟ್ಟ ಬಟ್ಟೆಯಂತೆ ಒತ್ತೊತ್ತಾಗಿ ಕೂರುತ್ತವೆ. ಹೀಗೆ ಕೂತ ಭಾಗಗಳನ್ನು ಹರಳು ಭಾಗ ಎನ್ನಬಹುದು. ರೇಷ್ಮೆಗೆ ಬಲ ಬರುವುದು ಇವುಗಳಿಂದ. ನಡುವೆ ಸಡಿಲವಾಗಿ ಕೂತ ಭಾಗಗಳಿಂದ ಎಳೆಗೆ ಬಾಗುವ, ಹಿಗ್ಗುವ ಗುಣ ಬರುತ್ತದೆ. ಹರಳು ಭಾಗ ಹೆಚ್ಚಾದಷ್ಟೂ ಕಿಣ್ವಗಳು ಒಳನುಗ್ಗುವುದು ಕಷ್ಟ, ಆದ್ದರಿಂದ ಕರಗುವುದೂ ನಿಧಾನ.

ಅಂಟನ್ನು ಪೂರ್ತಿ ತೆಗೆಯದೆ ಎಳೆಯನ್ನು ದೇಹದೊಳಗೆ ಇಟ್ಟಾಗ ಉರಿಯೂತ ಮತ್ತು ಅಲರ್ಜಿ ಕಾಣಿಸಿಕೊಂಡ ಉದಾಹರಣೆಗಳು ಹಿಂದೆ ಇದ್ದವು. ಹೀಗಾಗಿ ವೈದ್ಯಕೀಯ ರೇಷ್ಮೆಯ ಮೊದಲ ನಿಯಮವೇ ಅಂಟನ್ನು ತೆಗೆಯುವುದು. ನೂಲು ಬಿಚ್ಚುವ ಘಟಕಗಳಲ್ಲಿ ದುಡಿಯುವ ಕೆಲವರಿಗೆ ಉಬ್ಬಸ, ತುರಿಕೆ ಬರುವುದೂ ರೇಷ್ಮೆಯ ಪ್ರೋಟೀನ್ ಮತ್ತು ಹುಳುವಿನ ಇತರ ಅಂಶಗಳ ಅಲರ್ಜಿಯಿಂದಲೇ. ಹಾಗೆಂದು ಸೆರಿಸಿನ್ ಪೂರ್ತಿ ನಿರುಪಯೋಗಿ ಅಲ್ಲ. ಬೇರ್ಪಡಿಸಿ ಶುದ್ಧ ಮಾಡಿದಾಗ ಅದು ತೇವ ಹಿಡಿದಿಡುತ್ತದೆ; ಚರ್ಮದ ಕ್ರೀಮುಗಳಲ್ಲಿ ಬಳಕೆಯಾಗುತ್ತಿದೆ, ಗಾಯದ ಪಟ್ಟಿಗಳಿಗೂ ಅಧ್ಯಯನ ನಡೆದಿದೆ.

ಹಳೆಯ ಬಳಕೆ: ಹೊಲಿಗೆ ದಾರ

ಅಂಟು ತೆಗೆದ ರೇಷ್ಮೆ ಎಳೆಗಳನ್ನು ಜಡೆಯಂತೆ ಹೆಣೆದು, ಮೇಣ ಅಥವಾ ಸಿಲಿಕೋನ್ ಲೇಪಿಸಿ ಹೊಲಿಗೆ ದಾರ ತಯಾರಿಸುತ್ತಾರೆ. ಕೈಗೆ ಮೃದು, ಗಂಟು ಬಿಗಿಯಾಗಿ ನಿಲ್ಲುತ್ತದೆ ಎಂಬ ಕಾರಣಕ್ಕೆ ಶಸ್ತ್ರವೈದ್ಯರಿಗೆ ಇದು ಮೆಚ್ಚಿನ ದಾರವಾಗಿತ್ತು. ಬಾಯಿಯೊಳಗಿನ ಹೊಲಿಗೆ, ಕಣ್ಣಿನ ಕೆಲವು ಶಸ್ತ್ರಚಿಕಿತ್ಸೆ, ರಕ್ತನಾಳದ ಬಾಯಿ ಕಟ್ಟುವುದು ಮುಂತಾದ ಕಡೆ ಇಂದೂ ಬಳಕೆಯಲ್ಲಿದೆ.

ಔಷಧ ನಿಯಮಗಳ ಪ್ರಕಾರ ರೇಷ್ಮೆ ದಾರ ಕರಗದ ದಾರಗಳ ಪಟ್ಟಿಯಲ್ಲಿದೆ. ಚರ್ಮದ ಮೇಲೆ ಹಾಕಿದ ರೇಷ್ಮೆ ಹೊಲಿಗೆಯನ್ನು ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಬಿಚ್ಚಿಸಬೇಕು. ಆದರೆ ದೇಹದೊಳಗೆ ಉಳಿದ ರೇಷ್ಮೆ ದಾರ ಸುಮಾರು ಒಂದು ವರ್ಷದಲ್ಲಿ ತನ್ನ ಬಲದ ಹೆಚ್ಚಿನ ಪಾಲನ್ನು ಕಳೆದುಕೊಳ್ಳುತ್ತದೆ, ಮುಂದೆ ನಿಧಾನವಾಗಿ ಸವೆಯುತ್ತದೆ. ಆದ್ದರಿಂದಲೇ ಕಾಯಂ ಬಲ ಬೇಕಾದ ಕಡೆ, ಉದಾಹರಣೆಗೆ ಕೃತಕ ಹೃದಯ ಕವಾಟ ಹೊಲಿಯಲು, ಇದನ್ನು ಬಳಸುವುದಿಲ್ಲ. ಹೆಣೆದ ದಾರವಾದ್ದರಿಂದ ಎಳೆಗಳ ಸಂದಿಯಲ್ಲಿ ಸೋಂಕು ಸೇರುವ ಸಾಧ್ಯತೆಯೂ ಇದೆ. ಕರಗುವ ಕೃತಕ ದಾರಗಳು ಬಂದ ಮೇಲೆ ರೇಷ್ಮೆ ದಾರದ ಬಳಕೆ ಕಡಿಮೆಯಾಯಿತು.

ದಾರದ ಮಟ್ಟಿಗೆ ಕೊರತೆ ಎನಿಸಿದ ಈ ನಿಧಾನದ ಸವೆತವೇ ಮುಂದೆ ಹೊಸ ಬಳಕೆಗೆ ದಾರಿಯಾಯಿತು. ಹೊಸ ಅಂಗಾಂಶ ಬೆಳೆಯುವವರೆಗೆ ಆಧಾರ ಕೊಟ್ಟು, ಬೆಳೆದ ಮೇಲೆ ತಾನಾಗಿ ಮರೆಯಾಗುವ ವಸ್ತು ಬೇಕೆಂದು ಹುಡುಕುತ್ತಿದ್ದವರ ಕಣ್ಣು ರೇಷ್ಮೆಯ ಮೇಲೆ ಬಿತ್ತು.

ಗೂಡು ದ್ರವವಾಗುವ ಬಗೆ

ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಡೇವಿಡ್ ಕಪ್ಲಾನ್ ಮತ್ತು ಸಂಗಡಿಗರು ವ್ಯವಸ್ಥಿತವಾಗಿ ದಾಖಲಿಸಿದ ವಿಧಾನವನ್ನು ಇಂದು ಅನೇಕ ಪ್ರಯೋಗಾಲಯಗಳು ಅನುಸರಿಸುತ್ತಿವೆ. ಅದರ ಹಂತಗಳು ಹೀಗಿವೆ.

ಮೊದಲು ಗೂಡನ್ನು ಕತ್ತರಿಸಿ ಒಳಗಿನ ಕೋಶವನ್ನು, ಅಂದರೆ ಪ್ಯೂಪಾವನ್ನು ತೆಗೆಯುತ್ತಾರೆ. ಗೂಡಿನ ಚೂರುಗಳನ್ನು ಸೋಡಿಯಂ ಕಾರ್ಬೋನೇಟ್, ಅಂದರೆ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ಕುದಿಸುತ್ತಾರೆ. ಅಂಟು ನೀರಿಗೆ ಬಿಟ್ಟುಕೊಂಡು, ಹತ್ತಿಯಂಥ ಫೈಬ್ರೋಯಿನ್ ಉಳಿಯುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಪ್ರೋಟೀನಿನ ಸರಗಳೇ ತುಂಡಾಗಿ ಬಲ ಕಡಿಮೆಯಾಗುತ್ತದೆ. ಕಡಿಮೆ ಕುದಿಸಿದರೆ ಅಂಟು ಉಳಿಯುತ್ತದೆ.

ಚೆನ್ನಾಗಿ ತೊಳೆದು ಒಣಗಿಸಿದ ಫೈಬ್ರೋಯಿನ್ನನ್ನು ಲಿಥಿಯಂ ಬ್ರೋಮೈಡ್ ಎಂಬ ಲವಣದ ಗಾಢ ದ್ರಾವಣದಲ್ಲಿ 60 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು 4 ಗಂಟೆ ಇಟ್ಟರೆ ಅದು ಕರಗಿ ಹೊಂಬಣ್ಣದ ದ್ರವವಾಗುತ್ತದೆ. ಆ ದ್ರವವನ್ನು ಸೂಕ್ಷ್ಮ ರಂಧ್ರಗಳ ಪೊರೆಯ ಚೀಲದಲ್ಲಿ ತುಂಬಿ, ಶುದ್ಧ ನೀರಿನಲ್ಲಿ ಎರಡು ದಿನ ಮುಳುಗಿಸಿ, ಆಗಾಗ ನೀರು ಬದಲಿಸುತ್ತಾರೆ. ಲವಣ ಹೊರಹೋಗಿ ನೀರು ಮತ್ತು ರೇಷ್ಮೆ ಮಾತ್ರ ಉಳಿಯುತ್ತವೆ. ಕೊನೆಗೆ ಸಿಗುವ ದ್ರಾವಣದಲ್ಲಿ ಶೇ. 6ರಿಂದ 8ರಷ್ಟು ರೇಷ್ಮೆ ಇರುತ್ತದೆ.

ಈ ದ್ರಾವಣವನ್ನು ತಟ್ಟೆಗೆ ಸುರಿದು ಒಣಗಿಸಿದರೆ ಪಾರದರ್ಶಕ ಹಾಳೆ. ಹೆಪ್ಪುಗಟ್ಟಿಸಿ ನೀರು ಹೀರಿ ತೆಗೆದರೆ ಸ್ಪಂಜು. ಅಲುಗಾಡಿಸಿ ಅಥವಾ ಶಬ್ದಾತೀತ ತರಂಗ ಹಾಯಿಸಿ ಬಿಟ್ಟರೆ ಲೋಳೆ. ವಿದ್ಯುತ್ ಬಲದಿಂದ ಎಳೆದರೆ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ಎಳೆಗಳ ಚಾಪೆ. ನಂತರ ಮೆಥನಾಲ್ ಅಥವಾ ನೀರಿನ ಆವಿಯಿಂದ ಉಪಚರಿಸಿದಾಗ ಹರಳು ಭಾಗ ಹೆಚ್ಚಿ, ಅದು ನೀರಿನಲ್ಲಿ ಕರಗದಂತಾಗುತ್ತದೆ.

ತಯಾರಿಕೆಯ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಇಲಿಗಳ ಮೇಲೆ ನಡೆದ ಒಂದು ಅಧ್ಯಯನ ಸಾಕ್ಷಿ. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೀರು ಬಳಸಿ ಮಾಡಿದ ರೇಷ್ಮೆ ಸ್ಪಂಜು 2ರಿಂದ 6 ತಿಂಗಳೊಳಗೆ ದೇಹದಲ್ಲಿ ಕರಗಿತು. ಬೇರೆ ರಾಸಾಯನಿಕ ದ್ರಾವಕ ಬಳಸಿ ಮಾಡಿದ ಸ್ಪಂಜು ಒಂದು ವರ್ಷ ಕಳೆದರೂ ಉಳಿದಿತ್ತು. ಗೂಡು ಒಂದೇ ಬಗೆಯದಾದರೂ ತಯಾರಿಸಿದ ವಿಧಾನದಂತೆ ಬಾಳಿಕೆ ಬೇರೆಯಾಯಿತು.

ಅಂಗಾಂಶ ಬೆಳೆಸುವ ಯತ್ನ

ಕೆಟ್ಟ ಭಾಗದ ಜಾಗದಲ್ಲಿ ಲೋಹವನ್ನೋ ಪ್ಲಾಸ್ಟಿಕ್ಕನ್ನೋ ಇಡುವ ಬದಲು, ದೇಹದ ಜೀವಕೋಶಗಳೇ ಅಲ್ಲಿ ಮತ್ತೆ ಬೆಳೆಯುವಂತೆ ಮಾಡುವ ವಿದ್ಯೆಗೆ ಟಿಶ್ಯೂ ಎಂಜಿನಿಯರಿಂಗ್ ಎಂದು ಹೆಸರು. ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನದಿಂದ ಈ ಕ್ಷೇತ್ರಕ್ಕೆ ಹೆಚ್ಚಿನ ಗಮನ ಸಿಕ್ಕಿತು. ಇದಕ್ಕೆ ಬೇಕಾದದ್ದು ಮೂರು: ಜೀವಕೋಶ, ಅವು ಬೆಳೆಯಲು ಸೂಚನೆ ಕೊಡುವ ಅಂಶಗಳು, ಮತ್ತು ಅವು ಹಿಡಿದುಕೊಂಡು ಬೆಳೆಯಲು ಒಂದು ಚೌಕಟ್ಟು. ಮನೆ ಕಟ್ಟುವಾಗ ಹಾಕುವ ಸಾರವೆಯಂತೆ ಈ ಚೌಕಟ್ಟು ಕೆಲಸ ಮಾಡುತ್ತದೆ. ಗೋಡೆ ನಿಂತ ಮೇಲೆ ಸಾರವೆ ಬೇಡ. ರೇಷ್ಮೆಗೆ ಕೊಡಲು ಹೊರಟಿರುವುದು ಈ ಸಾರವೆಯ ಕೆಲಸ.

ಚರ್ಮದ ಗಾಯ: ರೇಷ್ಮೆ ಪ್ರೋಟೀನಿನ ಹೊಸ ಬಳಕೆಗಳಲ್ಲಿ ರೋಗಿಯವರೆಗೆ ಮುಂದೆ ಬಂದಿರುವುದು ಇದು. ಸುಟ್ಟ ಗಾಯ, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಶಸ್ತ್ರಚಿಕಿತ್ಸೆಯ ಗಾಯಗಳಿಗೆ ರೇಷ್ಮೆ ಪ್ರೋಟೀನಿನ ಪಟ್ಟಿಗಳನ್ನು ತಯಾರಿಸಲಾಗುತ್ತಿದೆ. ಬೆಂಗಳೂರಿನ ಫೈಬ್ರೋಹೀಲ್ ವೂಂಡ್‌ಕೇರ್ ಈ ಕ್ಷೇತ್ರದಲ್ಲಿರುವ ಒಂದು ಕಂಪನಿ.

ಮೂಳೆ: ಗಡ್ಡೆ ತೆಗೆದ ಅಥವಾ ಪುಡಿಯಾದ ಮೂಳೆಯ ಖಾಲಿ ಜಾಗಕ್ಕೆ ರೇಷ್ಮೆ ಸ್ಪಂಜು ತುಂಬುವ ಪ್ರಯತ್ನ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ನಡೆದ ಸಂಶೋಧನೆಯಿಂದ ಹುಟ್ಟಿದ ಕಂಪನಿಯೊಂದು ಇದರಲ್ಲಿ ತೊಡಗಿದೆ.

ಮೆಲುಮೂಳೆ ಮತ್ತು ಬೆನ್ನಿನ ಡಿಸ್ಕ್: ಐಐಟಿ ಗುವಾಹಟಿಯಲ್ಲಿ ಬಿಮನ್ ಮಂಡಲ್ ಅವರ ತಂಡ ಈ ಬಗ್ಗೆ ಸಂಶೋಧನೆ ಮಾಡುತ್ತಿದೆ. ಇದು ಇನ್ನೂ ರೋಗಿಗೆ ಸಿಗುವ ಚಿಕಿತ್ಸೆಯಲ್ಲ.

ಕಾರ್ನಿಯಾ, ನರ, ರಕ್ತನಾಳ: ಪ್ರಯೋಗಾಲಯ ಮತ್ತು ಪ್ರಾಣಿಗಳ ಮಟ್ಟದಲ್ಲಿ ಅಧ್ಯಯನಗಳು ನಡೆದಿವೆ.

ಕಾಡುರೇಷ್ಮೆಗಳೂ ಈ ಸಂಶೋಧನೆಯಲ್ಲಿ ಮುಖ್ಯ. ಐಐಟಿ ಖರಗ್‌ಪುರದಲ್ಲಿ ಸುಭಾಷ್ ಕುಂಡು ಅವರ ತಂಡ ಟಸರ್ ರೇಷ್ಮೆಯ ಮೇಲೆ ದೀರ್ಘಕಾಲ ಕೆಲಸ ಮಾಡಿತು. ಜೀವಕೋಶಗಳು ಗುರುತಿಸಿ ಅಂಟಿಕೊಳ್ಳುವ ಮೂರು ಅಮೈನೋ ಆಮ್ಲಗಳ ಒಂದು ಜೋಡಣೆ ಟಸರ್ ಫೈಬ್ರೋಯಿನ್ನಿನಲ್ಲಿ ಸಹಜವಾಗಿಯೇ ಇದೆ. ಹಿಪ್ಪುನೇರಳೆ ರೇಷ್ಮೆಯ ಫೈಬ್ರೋಯಿನ್ನಿನಲ್ಲಿ ಇದು ಇಲ್ಲ. ಆದರೆ ಹಿಪ್ಪುನೇರಳೆ ರೇಷ್ಮೆ ಕರಗಿಸಲು ಸುಲಭ, ಒಂದೇ ಗುಣಮಟ್ಟದಲ್ಲಿ ಧಾರಾಳವಾಗಿ ಸಿಗುತ್ತದೆ.

ಕರ್ನಾಟಕದಲ್ಲಿ ರೇಷ್ಮೆಯ ಆಚೆಗೂ ಈ ವಿದ್ಯೆ ಬೆಳೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೂಳೆ, ಕೀಲಿಗೆ ಬಳಸುವ ವಸ್ತುಗಳ ಸಂಶೋಧನೆ ನಡೆಯುತ್ತಿದೆ. ಬೆಂಗಳೂರಿನ ಪಂಡೋರಂ ಟೆಕ್ನಾಲಜೀಸ್ 2015ರಲ್ಲಿ ತ್ರಿ-ಡಿ ಮುದ್ರಣದ ಮೂಲಕ ಪಿತ್ತಜನಕಾಂಗದ ಅಂಗಾಂಶ ತಯಾರಿಸಿದ್ದಾಗಿ ಪ್ರಕಟಿಸಿತು. ಅದು ಔಷಧ ಪರೀಕ್ಷೆಗೆ ಉದ್ದೇಶಿಸಿದ ಚಿಕ್ಕ ಅಂಗಾಂಶವೇ ಹೊರತು ರೋಗಿಗೆ ಜೋಡಿಸುವ ಇಡೀ ಅಂಗವಲ್ಲ. ಇಂಥ ಸುದ್ದಿ ಓದುವಾಗ ಈ ವ್ಯತ್ಯಾಸ ಗಮನಿಸುವುದು ಒಳ್ಳೆಯದು.

ಇಷ್ಟು ತಡ ಏಕೆ?

ಪ್ರಯೋಗಾಲಯದಲ್ಲಿ ಗೆದ್ದ ವಸ್ತು ಆಸ್ಪತ್ರೆಗೆ ಬರಲು ಹತ್ತಾರು ವರ್ಷ ಬೇಕಾಗುವುದು ಸಾಮಾನ್ಯ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಹೃದಯ ಕವಾಟ ಇದಕ್ಕೆ ಒಳ್ಳೆಯ ಉದಾಹರಣೆ. ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಂ.ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ 1970ರ ದಶಕದ ಕೊನೆಯಲ್ಲಿ ಆ ಕೆಲಸ ಆರಂಭವಾಯಿತು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು. ಕೋಬಾಲ್ಟ್ ಮಿಶ್ರಲೋಹದ ಚೌಕಟ್ಟು ಮತ್ತು ವಿಶೇಷ ಪಾಲಿಎಥಿಲೀನ್ ಬಿಲ್ಲೆ ಇದ್ದ ನಾಲ್ಕನೆಯ ಮಾದರಿಯನ್ನು 1990ರ ಡಿಸೆಂಬರ್ 6ರಂದು ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ನಿಮಿಷಕ್ಕೆ 72 ಬಡಿತ ಎಂದು ಹಿಡಿದರೂ ಆ ಬಿಲ್ಲೆ ವರ್ಷಕ್ಕೆ ಸುಮಾರು 3 ಕೋಟಿ 78 ಲಕ್ಷ ಬಾರಿ ತೆರೆದು ಮುಚ್ಚಬೇಕು. ಒಂದು ಬಿರುಕು ಬಿಟ್ಟರೂ ಪ್ರಾಣಕ್ಕೆ ಅಪಾಯ. ಅವಸರ ಮಾಡಿದ್ದರೆ ಸೋತ ಮಾದರಿಯೇ ರೋಗಿಯ ಎದೆಯೊಳಗೆ ಹೋಗುತ್ತಿತ್ತು.

ಹೊಸ ವಸ್ತುವೊಂದು ಜೀವಕೋಶಗಳಿಗೆ ವಿಷವೇ, ಅಲರ್ಜಿ ತರುತ್ತದೆಯೇ, ರಕ್ತ ಹೆಪ್ಪುಗಟ್ಟಿಸುತ್ತದೆಯೇ ಎಂಬುದನ್ನೆಲ್ಲ ಐಎಸ್‌ಒ 10993 ಎಂಬ ಅಂತಾರಾಷ್ಟ್ರೀಯ ಮಾನದಂಡಗಳ ಪ್ರಕಾರ ಪರೀಕ್ಷಿಸುತ್ತಾರೆ. ಭಾರತದಲ್ಲಿ 2018ರ ಜನವರಿ 1ರಿಂದ ಜಾರಿಗೆ ಬಂದ 2017ರ ವೈದ್ಯಕೀಯ ಸಾಧನಗಳ ನಿಯಮಾವಳಿ, ಅಪಾಯದ ಮಟ್ಟ ನೋಡಿ ಸಾಧನಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ವರ್ಗ ಮಾಡಿದೆ. ಎ ವರ್ಗಕ್ಕೆ ಅಪಾಯ ಕಡಿಮೆ, ಡಿ ವರ್ಗಕ್ಕೆ ಅತಿ ಹೆಚ್ಚು.

ಒಂದು ಉದ್ದೇಶಕ್ಕೆ ಅನುಮತಿ ಸಿಕ್ಕರೆ ಎಲ್ಲ ಉದ್ದೇಶಕ್ಕೂ ಸಿಕ್ಕಂತಲ್ಲ. ಅಮೆರಿಕದಲ್ಲಿ ಮೃದು ಅಂಗಾಂಶಕ್ಕೆ ಆಧಾರವಾಗಿ ಅನುಮತಿ ಪಡೆದಿದ್ದ ರೇಷ್ಮೆಯ ಜಾಲರಿಯೊಂದನ್ನು ಸ್ತನ ಶಸ್ತ್ರಚಿಕಿತ್ಸೆಗೂ ಪ್ರಚಾರ ಮಾಡಿದ್ದಕ್ಕಾಗಿ 2015ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಡಿಎ ತಯಾರಕರಿಗೆ ಎಚ್ಚರಿಕೆ ಪತ್ರ ಕಳಿಸಿತು. ರೇಷ್ಮೆ ನೈಸರ್ಗಿಕ ಎಂಬ ಒಂದೇ ಮಾತಿನಿಂದ ಎಲ್ಲೆಡೆ ಸುರಕ್ಷಿತ ಎಂದಾಗುವುದಿಲ್ಲ.

ಬೆಳೆಗಾರರಿಗೆ ಏನು ಲಾಭ?

ವೈದ್ಯಕೀಯ ರೇಷ್ಮೆಯಿಂದ ಗೂಡಿನ ಬೆಲೆ ಏರುತ್ತದೆಯೇ ಎಂಬುದು ರೈತರು ಕೇಳುವ ಸಹಜ ಪ್ರಶ್ನೆ. ಇದಕ್ಕೆ ಒಂದು ಅಂದಾಜು ಲೆಕ್ಕ ಹಾಕಬಹುದು. 100 ಮೊಟ್ಟೆ ಸಾಕಿದ ಒಂದು ಬೆಳೆಗೆ 60 ಕೆ.ಜಿ. ಹಸಿ ಗೂಡು ಬಂತು ಎಂದುಕೊಂಡರೆ, ಕೋಶ ತೆಗೆದ ಮೇಲೆ ಉಳಿಯುವ ಚಿಪ್ಪು ಶೇ. 20ರ ಲೆಕ್ಕದಲ್ಲಿ 12 ಕೆ.ಜಿ. ಅದರಲ್ಲಿ ಕಾಲು ಭಾಗ ಅಂಟು ಹೋದರೆ 9 ಕೆ.ಜಿ. ಫೈಬ್ರೋಯಿನ್ ಸಿಗುತ್ತದೆ. ಶೇ. 6ರ ದ್ರಾವಣ ಮಾಡಿದರೆ 150 ಲೀಟರ್. ಅಂಗೈಯಗಲದ, ಅಂದರೆ 10 ಸೆಂಟಿಮೀಟರ್ ಚೌಕದ, ಕೂದಲೆಳೆಯಷ್ಟು ದಪ್ಪದ ಒಂದು ರೇಷ್ಮೆ ಹಾಳೆಗೆ ಬೇಕಾಗುವುದು ಮುಕ್ಕಾಲು ಗ್ರಾಮಿಗೂ ಕಡಿಮೆ. ವ್ಯರ್ಥವಾಗುವುದನ್ನು ಬಿಟ್ಟರೆ ಒಬ್ಬ ರೈತನ ಒಂದು ಬೆಳೆಯಿಂದ ಕಾಗದದ ಲೆಕ್ಕಕ್ಕೆ 12 ಸಾವಿರಕ್ಕೂ ಹೆಚ್ಚು ಪಟ್ಟಿ!

ಈ ಲೆಕ್ಕ ಸಂತೋಷದ ಜೊತೆ ಎಚ್ಚರವನ್ನೂ ಹೇಳುತ್ತದೆ. ಇಷ್ಟು ಕಡಿಮೆ ಗೂಡು ಸಾಕಾಗುವ ಉದ್ಯಮದಿಂದ ಮಾರುಕಟ್ಟೆಯ ಒಟ್ಟು ಬೇಡಿಕೆ ಏರುವುದಿಲ್ಲ. ಗೂಡಿನ ಬೆಲೆ ಮುಂದೆಯೂ ಸೀರೆ, ಬಟ್ಟೆಯ ಮೇಲೆಯೇ ನಿಲ್ಲುತ್ತದೆ. ಪಟ್ಟಿಯ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದು ಶುದ್ಧೀಕರಣ, ಪರೀಕ್ಷೆ ಮತ್ತು ಅನುಮತಿಗೆ. ವೈದ್ಯಕೀಯ ರೇಷ್ಮೆಯ ಹೆಸರು ಹೇಳಿ ಹೆಚ್ಚು ದರದ ಭರವಸೆ ಕೊಟ್ಟು ಮುಂಗಡ ಹಣ ಕೇಳುವವರು ಬಂದರೆ, ರೇಷ್ಮೆ ಇಲಾಖೆಯಲ್ಲಿ ವಿಚಾರಿಸದೆ ಒಪ್ಪಬಾರದು.

ಆದರೂ ಲಾಭವೇ ಇಲ್ಲ ಎನ್ನುವಂತಿಲ್ಲ. ಕರಗಿಸಲು ಉದ್ದನೆಯ ಎಳೆ ಬೇಕಿಲ್ಲ. ಬಿತ್ತನೆ ಕೋಠಿಗಳಲ್ಲಿ ಚಿಟ್ಟೆ ತೂತು ಮಾಡಿ ಹೊರಬಂದ ಗೂಡು ನೂಲಿಗೆ ಬಾರದಿದ್ದರೂ ಪ್ರೋಟೀನಿಗೆ ಬರುತ್ತದೆ. ಆದರೆ ಒಳಗೆ ಹುಳು ಕೊಳೆತು ಕಲೆಯಾದ ಗೂಡು ಇದಕ್ಕೆ ಆಗುವುದಿಲ್ಲ. ತಯಾರಕರು ನೋಡುವುದು ಸ್ವಚ್ಛತೆ ಮತ್ತು ದಾಖಲೆ: ಯಾವ ತಳಿ, ತೋಟಕ್ಕೆ ಯಾವ ಕೀಟನಾಶಕ ಹೊಡೆದಿತ್ತು, ಹುಳುಮನೆಗೆ ಯಾವ ಸೋಂಕುನಿವಾರಕ ಬಳಸಿತ್ತು, ಗಂಟುರೋಗ, ಸುಣ್ಣಕಟ್ಟು ರೋಗ ಬಂದಿತ್ತೇ ಎಂಬುದು. ಇವನ್ನು ಬರೆದಿಡುವ ರೈತರ ಗುಂಪಿಗೆ ಮುಂದೆ ಇಂಥ ಖರೀದಿದಾರರ ಬಾಗಿಲು ತೆರೆಯಬಹುದು. ಬಟ್ಟೆಯ ಮಾರುಕಟ್ಟೆಗೂ ಇದೇ ಶಿಸ್ತು ಒಳ್ಳೆಯದು.

ತಾಂತ್ರಿಕ ಮಾಹಿತಿ ಬೇಕಾದವರಿಗೆ ಹಿಂದೂಪುರ ಬಳಿಯ ಕಿರಿಕೆರೆಯ ರಾಜ್ಯ ರೇಷ್ಮೆ ಸಂಶೋಧನಾ ಸಂಸ್ಥೆ, 1961ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ, 1983ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆ ಈ ಭಾಗಕ್ಕೆ ಅನುಕೂಲವಾದ ಕೇಂದ್ರಗಳು.

ರೋಗಿಗಳು ಗಮನಿಸಬೇಕಾದದ್ದು

* ದೇಹದೊಳಗೆ ಏನನ್ನಾದರೂ ಅಳವಡಿಸಿದರೆ ಅದರ ಹೆಸರು, ತಯಾರಕರು, ಮಾದರಿ ಮತ್ತು ಬ್ಯಾಚ್ ಸಂಖ್ಯೆ ಇರುವ ಸ್ಟಿಕ್ಕರ್ ಅಥವಾ ಕಾರ್ಡನ್ನು ಆಸ್ಪತ್ರೆಯಿಂದ ಕೇಳಿ ಪಡೆದು, ಬಿಲ್ಲಿನ ಜೊತೆ ಜೋಪಾನವಾಗಿ ಇಡಬೇಕು. ಸಾಧನವನ್ನು ಕಂಪನಿ ವಾಪಸ್ ಪಡೆದಾಗ ತಮ್ಮದು ಅದೇ ಹೌದೋ ಅಲ್ಲವೋ ತಿಳಿಯಲು ಇದೊಂದೇ ದಾರಿ.

* ಕೆಲವು ಸಾಧನಗಳಿಗೆ ಸರ್ಕಾರ ಗರಿಷ್ಠ ಬೆಲೆ ನಿಗದಿ ಮಾಡಿದೆ. 2017ರ ಫೆಬ್ರವರಿಯಲ್ಲಿ ಔಷಧ ಲೇಪಿತ ಸ್ಟೆಂಟಿಗೆ 29,600 ರೂ., ಸಾದಾ ಲೋಹದ ಸ್ಟೆಂಟಿಗೆ 7,260 ರೂ. ಎಂದು ನಿಗದಿಯಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೋಬಾಲ್ಟ್-ಕ್ರೋಮಿಯಂ ಮಂಡಿಕೀಲಿಗೆ ತೆರಿಗೆ ಬಿಟ್ಟು 54,720 ರೂ. ಎಂದಾಯಿತು. ದರಗಳು ಆಮೇಲೆ ಪರಿಷ್ಕರಣೆಯಾಗುತ್ತ ಬಂದಿವೆ. ಶಸ್ತ್ರಚಿಕಿತ್ಸೆಗೆ ಮೊದಲು ಸಾಧನದ ಬೆಲೆಯನ್ನು ಬೇರೆಯಾಗಿ ಬರೆದುಕೊಡಲು ಕೇಳಬೇಕು.

* ಅಳವಡಿಸಿದ ಜಾಗದಲ್ಲಿ ಊತ, ಕೀವು, ಕೆಂಪಗಾಗುವುದು, ಕಡಿಮೆಯಾಗದ ನೋವು, ಜ್ವರ ಕಂಡರೆ ತಡ ಮಾಡದೆ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರನ್ನು ಕಾಣಬೇಕು.

* ಸಾಧನಗಳಿಂದ ಆದ ತೊಂದರೆಯನ್ನು ದಾಖಲಿಸಲು 2015ರ ಜುಲೈನಲ್ಲಿ ಮೆಟೀರಿಯೋವಿಜಿಲೆನ್ಸ್ ಎಂಬ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಗಿದೆ. ಉಚಿತ ಸಹಾಯವಾಣಿ 1800-180-3024. ರೋಗಿಗಳೂ ತಿಳಿಸಬಹುದು.

* ರೇಷ್ಮೆ ಘಟಕದಲ್ಲಿ ದುಡಿದು ಉಬ್ಬಸ ಅಥವಾ ಚರ್ಮದ ಅಲರ್ಜಿ ಬಂದವರು ಹೊಲಿಗೆ ಅಥವಾ ಗಾಯದ ಪಟ್ಟಿ ಹಾಕಿಸಿಕೊಳ್ಳುವ ಮೊದಲು ವೈದ್ಯರಿಗೆ ಆ ವಿಷಯ ಹೇಳಬೇಕು.

* ಮನೆಯ ರೇಷ್ಮೆ ಬಟ್ಟೆ, ನೂಲು, ಗೂಡಿನ ಚೂರುಗಳನ್ನು ಗಾಯಕ್ಕೆ ಕಟ್ಟಬಾರದು. ಅವುಗಳಲ್ಲಿ ಅಂಟು, ಬಣ್ಣ, ಧೂಳು ಮತ್ತು ರೋಗಾಣು ಇರುತ್ತವೆ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇದು ಕಾಲನ್ನೇ ಕಳೆದುಕೊಳ್ಳುವ ಅಪಾಯ ತರಬಹುದು.

* ಸವೆದ ಮಂಡಿಯನ್ನು ರೇಷ್ಮೆ ಚುಚ್ಚುಮದ್ದಿನಿಂದ ಮತ್ತೆ ಬೆಳೆಸುತ್ತೇವೆ ಎಂಬಂಥ ಜಾಹೀರಾತು ಕಂಡರೆ, ಅದಕ್ಕೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಯಾವ ಉದ್ದೇಶಕ್ಕೆ ಇದೆ ಎಂದು ಲಿಖಿತವಾಗಿ ಕೇಳಬೇಕು.

ಒಟ್ಟಿನಲ್ಲಿ, ರೇಷ್ಮೆಯ ಹೊಲಿಗೆ ದಾರ ಹಳೆಯದು, ಗಾಯದ ಪಟ್ಟಿ ಇತ್ತೀಚಿನದು, ಮೂಳೆ ತುಂಬುವ ಸ್ಪಂಜು ದಾರಿಯಲ್ಲಿದೆ, ಮೆಲುಮೂಳೆ ಮತ್ತು ನರ ಇನ್ನೂ ದೂರವಿದೆ. ಗೂಡು ಎಷ್ಟು ಸ್ವಚ್ಛ, ಅಂಟು ಎಷ್ಟು ಚೆನ್ನಾಗಿ ಹೋಗಿದೆ, ಪರೀಕ್ಷೆ ಎಷ್ಟು ಪ್ರಾಮಾಣಿಕವಾಗಿ ನಡೆದಿದೆ ಎಂಬುದರ ಮೇಲೆ ಈ ಎಲ್ಲದರ ಯಶಸ್ಸು ನಿಂತಿದೆ. ಆ ಕೆಲಸದ ಮೊದಲ ಹಂತ ನಡೆಯುವುದು ಪ್ರಯೋಗಾಲಯದಲ್ಲಲ್ಲ, ಹಿಪ್ಪುನೇರಳೆ ತೋಟ ಮತ್ತು ಹುಳು ಸಾಕುವ ಮನೆಯಲ್ಲಿ.